ಕಾರವಾರ–ಅಂಕೋಲೆಯಿಂದ ದೂರದ ಊರಿಗೆ: ಹಾಯಿಯಿಂದ ವಿಮಾನದವರೆಗೆ

ಕಾರವಾರದಿಂದ ಮುಂಬಯಿಗೆ ಆಕಾಶಮಾರ್ಗದ ನೇರ ದೂರ ಸುಮಾರು 490 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 425, ದೆಹಲಿಗೆ 1,565ರ ಆಸುಪಾಸು, ಲಂಡನ್ನಿಗೆ 7,600ಕ್ಕೆ ತುಸು ಮೇಲೆ. ಕಾರವಾರದ ಆಗ್ನೇಯಕ್ಕಿರುವ ಅಂಕೋಲೆಯಿಂದ ಅಳೆದರೆ ಬೆಂಗಳೂರು ಇಪ್ಪತ್ತು ಕಿಲೋಮೀಟರಿನಷ್ಟು ಹತ್ತಿರ, ಮುಂಬಯಿ ಅಷ್ಟೇ ದೂರ. ನಕಾಶೆಯ ಪ್ರಕಾರ ಈ ಎರಡೂ ಊರಿಗೆ ಮುಂಬಯಿಗಿಂತ ಬೆಂಗಳೂರೇ ಸಮೀಪ. ಆದರೆ ಇಲ್ಲಿನ ಜನ ನೂರು ವರ್ಷಕ್ಕೂ ಮಿಕ್ಕಿ ಮುಂಬಯಿಯನ್ನು ಹತ್ತಿರದ ಊರೆಂದೂ ಬೆಂಗಳೂರನ್ನು ದೂರದ ಊರೆಂದೂ ಬಗೆದು ಬದುಕಿದರು. ಹಾಗೆ ಬಗೆದದ್ದು ತಪ್ಪೂ ಆಗಿರಲಿಲ್ಲ. ಊರಿಂದೂರಿಗೆ ಹೋಗುವ ಹೊತ್ತನ್ನು ಇಲ್ಲಿ ಗಾಳಿ, ಮಳೆ, ಹೊಳೆ, ಘಟ್ಟ ಮತ್ತು ಸರಕಾರದ ಗಡಿಗಳು ನಿರ್ಧರಿಸುತ್ತ ಬಂದಿವೆ. ನೇರ ಗೆರೆಯ ಮಾತು ಕೊನೆಗೆ ಬಂದದ್ದು.

ನೇರ ಗೆರೆ ಎಂದರೂ ಅದು ಪೂರ್ತಿ ನೇರವಲ್ಲ. ಭೂಮಿ ಗೋಳಾಕಾರವಾಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಒಂದು ಬಾಗಿದ ರೇಖೆ. ಗೋಳದ ಮೇಲೆ ಎರಡು ಬಿಂದುಗಳಿಗೆ ದಾರ ಬಿಗಿದು ಹಿಡಿದರೆ ಆ ದಾರ ಹಾಯುವ ದಾರಿಯೇ ವಿಮಾನಯಾನದವರು ಲೆಕ್ಕಕ್ಕೆ ಹಿಡಿಯುವ ದೂರ. ಎರಡೂ ಊರಿನ ಅಕ್ಷಾಂಶ–ರೇಖಾಂಶ ತಿಳಿದಿದ್ದರೆ ತ್ರಿಕೋನಮಿತಿಯ ಒಂದು ಸೂತ್ರದಿಂದ ಅದು ಸಿಗುತ್ತದೆ. ಕಾರವಾರ ಉತ್ತರ ಅಕ್ಷಾಂಶ 14.8 ಡಿಗ್ರಿ, ಪೂರ್ವ ರೇಖಾಂಶ 74.1 ಡಿಗ್ರಿಯಲ್ಲಿದೆ. ಮುಂಬಯಿಯಂಥ ಹತ್ತಿರದ ಊರಿಗೆ ಈ ಬಾಗು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಲಂಡನ್ನಿನಂಥ ದೂರಕ್ಕೆ ಅದೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ನಾವಿಕರೂ ವೈಮಾನಿಕರೂ ಬಳಸುವ ನಾಟಿಕಲ್ ಮೈಲಿಯೂ ಗೋಳದ ಲೆಕ್ಕದಿಂದಲೇ ಹುಟ್ಟಿದ್ದು. ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್.

ಇಂಥ ನಿಖರತೆ ಈ ಭಾಗಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸರಪಳಿ ಹೆಣೆಯುತ್ತ ಅಳೆದಾಗ ಪರ್ಯಾಯ ದ್ವೀಪದ ಅಗಲ ಅಲ್ಲಿ ಸುಮಾರು 360 ಮೈಲಿ ಎಂದು ಗೊತ್ತಾಯಿತು. ಅದುವರೆಗಿನ ನಕಾಶೆಗಳು 400 ಎಂದು ತೋರಿಸುತ್ತಿದ್ದವು. ಕರಾವಳಿಯ ಹಳೆಯ ನಕಾಶೆಗಳನ್ನು ನೋಡುವವರು ಈ ನಲವತ್ತು ಮೈಲಿಯ ತಪ್ಪನ್ನು ನೆನಪಿನಲ್ಲಿಡಬೇಕು. ಅದಕ್ಕಿಂತ ಮೊದಲಿನ ದೂರಗಳೆಲ್ಲ ನಡೆದವರ ಅಂದಾಜು, ಇಲ್ಲವೆ ಹಡಗಿನವರ ಅಂದಾಜು.

ಹಡಗಿನವರ ಕಾಲವೇ ಕಾರವಾರದ ಹೊರಸಂಪರ್ಕದ ಮೊದಲ ಅಧ್ಯಾಯ. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವ್ಯಾಪಾರಿಗಳು ಇಲ್ಲಿ ಕೋಠಿ ತೆರೆದರು. 1649ರಲ್ಲಿ ಆ ಸಂಘ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸೇರಿಹೋಯಿತು. ಕಾಳಿ ನದಿಯ ದಡದ ಕಡವಾಡವೇ ಆಗಿನ ಕಾರವಾರ. ಈಗಿನ ಪೇಟೆ ಆಗ ಹುಟ್ಟಿರಲಿಲ್ಲ. ಕರಿಮೆಣಸು, ಏಲಕ್ಕಿ ಮತ್ತು ಘಟ್ಟದ ಮೇಲಿನ ಹುಬ್ಬಳ್ಳಿ ಸೀಮೆಯಲ್ಲಿ ನೇಯ್ದ ತೆಳುಬಟ್ಟೆ ಇಲ್ಲಿಂದ ಹೊರಡುತ್ತಿದ್ದವು. ಆ ಸರಕು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಲಂಡನ್ ತಲುಪಬೇಕಿತ್ತು. ನೇರ ಗೆರೆಯಲ್ಲಿ 7,600 ಕಿಲೋಮೀಟರ್ ಇರುವ ದೂರ ಕಡಲಿನಲ್ಲಿ ಇಪ್ಪತ್ತು ಸಾವಿರದ ಹತ್ತಿರಕ್ಕೆ ಬೆಳೆಯುತ್ತಿತ್ತು, ಪ್ರಯಾಣ ಅರ್ಧ ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ಕಾಗದ ಬರೆದ ಸಂದರ್ಭವೇ ಕಳೆದಿರುತ್ತಿತ್ತು. ಹಾಗಾಗಿ ಯುದ್ಧ, ಸಂಧಾನ, ಬೆಲೆ ಎಲ್ಲವನ್ನೂ ಕೋಠಿಯವರು ಅಲ್ಲಿಯೇ ತೀರ್ಮಾನಿಸಬೇಕಾಗುತ್ತಿತ್ತು. 1665ರಲ್ಲಿ ಶಿವಾಜಿ ಕಾರವಾರದ ಸಮೀಪಕ್ಕೆ ಬಂದು ಕಪ್ಪ ಕೇಳಿದಾಗ ಇಂಗ್ಲಿಷರು ತಮ್ಮ ಪಾಲು ಕೊಟ್ಟು ಕೈತೊಳೆದುಕೊಂಡದ್ದು ಇಂಥದೇ ಸ್ಥಳೀಯ ತೀರ್ಮಾನ.

ಹಾಯಿ ಹಡಗಿನ ವೇಗಕ್ಕಿಂತ ಅದು ಹೊರಡುವ ತಿಂಗಳು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಈ ಕರಾವಳಿಯ ಹೆಚ್ಚಿನ ಬಂದರುಗಳು ಮುಚ್ಚಿಕೊಳ್ಳುತ್ತಿದ್ದವು. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿಗಳು ಮತ್ತೆ ನೀರಿಗಿಳಿಯುತ್ತಿದ್ದವು. ಕಾರವಾರಕ್ಕೆ ಇದರಲ್ಲೊಂದು ವಿನಾಯಿತಿ ಇತ್ತು. ದೇವಗಡ, ಕೂರ್ಮಗಡ, ಅಂಜದೀವ್ ದ್ವೀಪಗಳು ಮತ್ತು ಬೈತಖೋಲಿನ ಗುಡ್ಡ ಅಲೆಗಳನ್ನು ತಡೆಯುವುದರಿಂದ ಮಳೆಗಾಲದಲ್ಲೂ ಹಡಗು ಲಂಗರು ಹಾಕಬಹುದಾದ ಜಾಗ ಇಲ್ಲಿದೆ. ಮೂರುನೂರ ಐವತ್ತು ವರ್ಷಗಳ ಆಚೀಚೆ ವ್ಯಾಪಾರಿಗಳನ್ನೂ ನೌಕಾಪಡೆಯನ್ನೂ ಇಲ್ಲಿಗೆ ಎಳೆದು ತಂದದ್ದು ಈ ಒಂದೇ ಗುಣ.

ನೆಲದ ದಾರಿ ಕಡಲಿಗಿಂತ ಕಷ್ಟದ್ದು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಗೋಕರ್ಣ, ಅಂಕೋಲೆ, ಸದಾಶಿವಗಡ, ಕದ್ರಾ ಮಾರ್ಗವಾಗಿ ಸಾಗಿ ಘಟ್ಟ ಹತ್ತಿದ. ಅವನ ಪ್ರವಾಸದ ದಿನಚರಿ ಒಂದೊಂದು ದಿನಕ್ಕೆ ಒಂದೊಂದು ಬಿಡಾರದ ಲೆಕ್ಕದಲ್ಲಿ ಮುಂದುವರಿಯುತ್ತದೆ. ಒಂದು ದಿನದ ನಡಿಗೆ ಇಷ್ಟೇ ಎಂಬುದನ್ನು ಇಲ್ಲಿನ ನೆಲವೇ ಗೊತ್ತುಮಾಡುತ್ತಿತ್ತು. ಅಘನಾಶಿನಿ, ಗಂಗಾವಳಿ, ಕಾಳಿ ಮೂರೂ ಘಟ್ಟದಿಂದಿಳಿದು ಕಡಲು ಸೇರುವಲ್ಲಿ ಅಗಲವಾಗಿ ಹರಡಿಕೊಳ್ಳುತ್ತವೆ. ಅವುಗಳ ನಡುವೆ ಗುಡ್ಡದ ಕಾಲುಗಳು ಕಡಲಿನವರೆಗೂ ಚಾಚಿವೆ. ಅಂಕೋಲೆಯಿಂದ ಕಾರವಾರಕ್ಕೆ ನೇರ ದೂರ ಇಪ್ಪತ್ತೈದು ಕಿಲೋಮೀಟರ್ ಇದ್ದರೂ ರಸ್ತೆ ಮೂವತ್ತೈದರ ಹತ್ತಿರ ಹೋಗುವುದು ಈ ಗುಡ್ಡಗಳನ್ನು ಬಳಸಿ ಬರಬೇಕಾದ್ದರಿಂದ. ಹೊಳೆಗಳಲ್ಲಿ ತಾರಿ ದಾಟಬೇಕಿತ್ತು. ದೋಣಿ ಆಚೆ ದಡದಲ್ಲಿದ್ದರೆ ಕಾಯಬೇಕು, ನೆರೆ ಬಂದರೆ ಎಷ್ಟು ದಿನ ಕಾಯಬೇಕೆಂದು ಹೇಳುವಂತಿರಲಿಲ್ಲ.

ಪರಿಸ್ಥಿತಿ ಬದಲಾದದ್ದು ಹತ್ತಿಯಿಂದ. ಕೆನರಾ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆದ ಮೇಲೆ 1862ರಲ್ಲಿ ಉತ್ತರ ಕೆನರಾ ಮದ್ರಾಸ್ ಅಧಿಪತ್ಯದಿಂದ ಮುಂಬಯಿ ಅಧಿಪತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಹತ್ತಿರದ ಬಂದರಿಗೆ ಇಳಿಸಬೇಕೆಂಬ ಒತ್ತಡವೇ ಈ ವರ್ಗಾವಣೆಯ ಹಿಂದಿತ್ತು. ಕುಮಟಾ ಬಂದರಿನಿಂದ ಹೊರಡುತ್ತಿದ್ದ ಹತ್ತಿ ಆ ಊರಿನ ಹೆಸರಿನಿಂದಲೇ ಪರದೇಶದ ಪೇಟೆಯಲ್ಲಿ ಹೆಸರಾಗಿತ್ತು. ಕಾರವಾರ ಜಿಲ್ಲೆಯ ಮುಖ್ಯ ಠಾಣೆಯಾಯಿತು. ಅರಬೈಲು ಘಟ್ಟದ ರಸ್ತೆ ಅಂಕೋಲೆಯನ್ನು ಯಲ್ಲಾಪುರ, ಹುಬ್ಬಳ್ಳಿಗಳಿಗೆ ಜೋಡಿಸಿತು, ಕೈಗಾ ಘಟ್ಟದಲ್ಲೂ ದಾರಿಯಾಯಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು.

ಬಯಲುಸೀಮೆಯ ಹತ್ತಿ ಕಾರವಾರಕ್ಕೆ ಬರಲೆಂದು ಇಷ್ಟೆಲ್ಲ ನಡೆದರೂ ಫಲ ದೊರೆತದ್ದು ಸ್ವಲ್ಪ ಕಾಲ ಮಾತ್ರ. ಎತ್ತಿನ ಗಾಡಿಗಳು ಘಟ್ಟ ಇಳಿದು ಬರುತ್ತಿದ್ದ ಸರಕನ್ನು 1880ರ ದಶಕದ ಕೊನೆಯಲ್ಲಿ ರೈಲು ಬೇರೆ ಕಡೆಗೆ ತಿರುಗಿಸಿತು. ಗೋವೆಯ ಮಾರ್ಮಗೋವೆಯಿಂದ ಕ್ಯಾಸಲ್‌ರಾಕ್ ಮೂಲಕ ಹುಬ್ಬಳ್ಳಿ–ಧಾರವಾಡದ ಕಡೆಗೆ ರೈಲು ಹರಿದಾಗ ಕಾರವಾರ, ಕುಮಟಾ ಬಂದರುಗಳ ಹತ್ತಿ ವ್ಯಾಪಾರ ಕುಸಿಯಿತು. ಕಾರವಾರ ಇದ್ದಲ್ಲಿಯೇ ಇತ್ತು, ಧಾರವಾಡವೂ ಇದ್ದಲ್ಲಿಯೇ ಇತ್ತು, ಆದರೆ ಮಾರ್ಮಗೋವೆ ಅವೆರಡರ ನಡುವೆ ಬಂದು ಕೂತಂತಾಯಿತು. ಈ ಜಿಲ್ಲೆಯ ಆರ್ಥಿಕ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎನ್ನಬಹುದು. ಘಟ್ಟದ ಮೇಲಿನ ಸರಕನ್ನು ಮತ್ತೆ ಇಲ್ಲಿಗೆ ತರುವ ಹುಬ್ಬಳ್ಳಿ–ಅಂಕೋಲೆ ರೈಲಿನ ಬೇಡಿಕೆಯ ಬೇರು ಇರುವುದೂ ಅಲ್ಲಿಯೇ.

ಸರಕು ಕೈಬಿಟ್ಟರೂ ಜನ ಕಡಲದಾರಿಯನ್ನು ಬಿಡಲಿಲ್ಲ. ಮುಂಬಯಿಗೂ ಮಂಗಳೂರಿಗೂ ನಡುವೆ ಓಡಾಡುವ ಆಗಬೋಟುಗಳು ಬೇಸಗೆಯ ಕಾಲದಲ್ಲಿ ಕಾರವಾರದ ಎದುರು ನಿಲ್ಲುತ್ತಿದ್ದವು. ಮುಂಬಯಿ ಬಂದರಿನಿಂದ ಕಾರವಾರಕ್ಕೆ ಕಡಲಿನಲ್ಲಿ ಸುಮಾರು 260 ನಾಟಿಕಲ್ ಮೈಲಿ. ಗಂಟೆಗೆ ಹತ್ತು ನಾಟಿಕಲ್ ಮೈಲಿ ಸಾಗುವ ಹಡಗಿಗೆ ಬರಿಯ ಓಟವೇ ಇಪ್ಪತ್ತಾರು ಗಂಟೆ, ಅದರ ಮೇಲೆ ದಾರಿಯ ಬಂದರುಗಳಲ್ಲಿ ನಿಲ್ಲುವ ಹೊತ್ತು. 1880ರ ದಶಕದ ಆರಂಭದಲ್ಲಿ ಭಾರತದ ಮೊದಲ ದೇಶೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು 1883ರಲ್ಲಿ ಇಲ್ಲಿ ಬಂದು ಉಳಿದಾಗ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದರ ಕೆಲವು ಹಾಡುಗಳು ಹುಟ್ಟಿದ್ದು ಕಾರವಾರದಿಂದ ಮರಳುವಾಗ ಹಡಗಿನ ಮೇಲೆ ಎಂದು ಅವರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಹಾಡು ಕಟ್ಟುವಷ್ಟು ಬಿಡುವು ಆ ಪ್ರಯಾಣದಲ್ಲಿತ್ತು.

ಶಾಲೆ, ನೌಕರಿ, ಕೋರ್ಟು ಎಲ್ಲಕ್ಕೂ ಮುಂಬಯಿಯೇ ಆಸರೆಯಾದದ್ದು ಹೀಗೆ. ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ತಮ್ಮ ಜಿಲ್ಲೆಯ ಹಳ್ಳಿಗಳಿಗೆ ಶಾಲೆ ಕೊಟ್ಟರು. ಚುಟುಕ ಕವಿ ಎಂದಷ್ಟೇ ಅವರನ್ನು ನೆನೆಯುವವರು ಈ ಎರಡು ಊರುಗಳ ನಡುವಿನ ಅವರ ಓಡಾಟವನ್ನೂ ನೆನೆಯಬೇಕು. ಆ ತಲೆಮಾರಿಗೆ ಮುಂಬಯಿ ಒಂದು ಹಡಗಿನ ದೂರದಲ್ಲಿದ್ದ ಸ್ವಂತ ಊರೇ ಆಗಿತ್ತು.

ವಿಮಾನ ಈ ಚಿತ್ರದೊಳಗೆ ಬಂದದ್ದು 1930ರ ದಶಕದಲ್ಲಿ, ಅದೂ ಟಪಾಲಿನ ರೂಪದಲ್ಲಿ. ಇಂಪೀರಿಯಲ್ ಏರ್‌ವೇಸ್ 1929ರ ಮಾರ್ಚ್ ಕೊನೆಯಲ್ಲಿ ಲಂಡನ್–ಕರಾಚಿ ಸೇವೆ ಆರಂಭಿಸಿತು, ಆ ಪ್ರಯಾಣಕ್ಕೆ ಸುಮಾರು ಒಂದು ವಾರ ಬೇಕಿತ್ತು. ಕರಾಚಿಗೆ ಬಂದ ಟಪಾಲನ್ನು ದಕ್ಷಿಣಕ್ಕೆ ಒಯ್ಯಲು 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಹಾರಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಟಪಾಲನ್ನು ಬಳ್ಳಾರಿಯ ಮೇಲಾಗಿ ಮದ್ರಾಸಿಗೆ ಒಯ್ದರು. ಭಾರತದ ಮೊದಲ ಸ್ವದೇಶಿ ವಿಮಾನ ಸೇವೆಯ ಐದು ನಿಲ್ದಾಣಗಳ ಸಾಲಿನಲ್ಲಿ ಕನ್ನಡ ನಾಡಿನ ಬಳ್ಳಾರಿಯೂ ಇದ್ದದ್ದು ಕಡಿಮೆ ಸಂಗತಿಯೇನಲ್ಲ.

ಕರಾವಳಿಯ ಸರದಿ ಮೂರು ವರ್ಷದ ನಂತರ ಬಂತು. 1935ರ ಕೊನೆಯಲ್ಲಿ ಟಾಟಾ ಸಂಸ್ಥೆ ಮುಂಬಯಿಯಿಂದ ಗೋವೆ, ಕಣ್ಣೂರು ಮೂಲಕ ತಿರುವನಂತಪುರಕ್ಕೆ ವಿಮಾನ ಓಡಿಸಿತು. ಗೋವೆಯಿಂದ ಕಣ್ಣೂರಿಗೆ ಹಾರುವ ವಿಮಾನದ ಕೆಳಗೆ ಸಿಗುವ ಕರಾವಳಿಯೆಂದರೆ ಕಾರವಾರ, ಅಂಕೋಲೆ, ಹೊನ್ನಾವರ, ಭಟ್ಕಳ, ಮಂಗಳೂರುಗಳದೇ. ಗಂಟೆಗೆ ಸುಮಾರು 160 ಕಿಲೋಮೀಟರ್ ಸಾಗುತ್ತಿದ್ದ ಆ ಕಾಲದ ವಿಮಾನಕ್ಕೆ ಕಾರವಾರ–ಮುಂಬಯಿ ದೂರ ಮೂರು ತಾಸಿನ ಕೆಲಸ. ಆಗಬೋಟಿಗೆ ಬೇಕಿದ್ದ ಹೊತ್ತಿನ ಎಂಟನೆಯ ಒಂದು ಪಾಲು. ಆದರೆ ಇಲ್ಲಿ ವಿಮಾನ ಇಳಿಯುವ ಜಾಗವಿರಲಿಲ್ಲ. ಮೇಲೆ ಹಾದುಹೋಗುವ ವೇಗದಿಂದ ಕೆಳಗಿನ ಊರಿಗೆ ಲಾಭವಿಲ್ಲ. ಗುಡ್ಡ ಮತ್ತು ಕಡಲಿನ ನಡುವೆ ಸಿಕ್ಕ ಕಿರಿದಾದ ನೆಲದಲ್ಲಿ ರನ್‌ವೇಗೆ ಬೇಕಾದ ಉದ್ದದ ಸಮತಟ್ಟು ಸುಲಭಕ್ಕೆ ಸಿಗದು. ಇದ್ದಷ್ಟು ಸಮತಟ್ಟೆಲ್ಲ ಗದ್ದೆ, ತೋಟ, ಮನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ತನ್ನ ನೆಲೆಗೆ ಬೆಳಗಾವಿಯ ಸಾಂಬ್ರಾ ಬಯಲನ್ನು ಆರಿಸಿಕೊಂಡಿತು. ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ನೆತ್ತಿಯನ್ನೇ ಸಮ ಮಾಡಿದ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆಯಿತು, ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಕಾರವಾರದಿಂದ ಬಜ್ಪೆಗೆ ನೇರ ದೂರ 220 ಕಿಲೋಮೀಟರ್. ನಡುವೆ ಸೇತುವೆ ಇಲ್ಲದ ಹೊಳೆಗಳು. ಆ ನಿಲ್ದಾಣ ಕಾರವಾರದವರಿಗೆ ಇದ್ದೂ ಇಲ್ಲದಂತೆ.

ಅದಕ್ಕಿಂತ ಎಷ್ಟೋ ಹತ್ತಿರದಲ್ಲಿ ಇನ್ನೊಂದು ನಿಲ್ದಾಣ 1955ರಲ್ಲಿ ಹುಟ್ಟಿತು. ಗೋವೆಯ ದಾಬೋಳಿಯಲ್ಲಿ ಪೋರ್ಚುಗೀಸ್ ಸರಕಾರ ಕಟ್ಟಿದ, ಆಗಿನ ಗವರ್ನರ್ ಜನರಲ್ ಬೆನಾರ್ಡ್ ಗೆಡೆಸ್ ಹೆಸರಿನ ಆ ನಿಲ್ದಾಣಕ್ಕೂ ಕಾರವಾರಕ್ಕೂ ನೇರ ದೂರ ಕೇವಲ 70 ಕಿಲೋಮೀಟರ್. ಅಲ್ಲಿಂದ ಕರಾಚಿಗೆ, ಮುಂದೆ ಲಿಸ್ಬನ್ನಿಗೂ ವಿಮಾನಗಳಿದ್ದವು. ಆದರೆ ಕಾರವಾರದ ಉತ್ತರಕ್ಕೆ ಮಾಜಾಳಿಯಾಚೆ ಪರರಾಜ್ಯ. ವಿಮೋಚನಾ ಚಳವಳಿ ಬಿರುಸಾದಂತೆ ಭಾರತ ಅದೇ ಕಾಲಕ್ಕೆ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಬಿಗಿಗೊಳಿಸಿತು. ಲಿಸ್ಬನ್ನಿನಿಂದ ಹೊರಟವರು ಕಾರವಾರದ 70 ಕಿಲೋಮೀಟರ್ ಸಮೀಪಕ್ಕೆ ಬಂದಿಳಿಯುತ್ತಿದ್ದರು, ಕಾರವಾರದವರಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. ಇಲ್ಲಿನ ದೂರದ ಚರಿತ್ರೆಯಲ್ಲಿ ಗಡಿ ಎಷ್ಟು ದೊಡ್ಡ ಗೋಡೆಯಾಗಬಲ್ಲದು ಎಂಬುದಕ್ಕೆ ಆ ಆರು ವರ್ಷಗಳಿಗಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಕಿಲ್ಲ.

ಗಡಿ ಕಡಲಿನಲ್ಲೂ ಇತ್ತು. ಕಾರವಾರದ ಕಣ್ಣೆದುರಿನ ಅಂಜದೀವ್ ದ್ವೀಪ ಪೋರ್ಚುಗೀಸರದಾಗಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು, ಮೀನುಗಾರರ ದೋಣಿಗಳ ಮೇಲೂ ಹಾರಿತು. ಆ ವರ್ಷದ ಡಿಸೆಂಬರ್ 18ರಂದು ಭಾರತೀಯ ನೌಕಾಪಡೆ ಪ್ರಾಣಹಾನಿ ಅನುಭವಿಸಿ ದ್ವೀಪವನ್ನು ಗೆದ್ದಿತು. ಅದೇ ದಿನ ಪುಣೆಯಿಂದ ಹೊರಟ ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇ ಮೇಲೆ ಬಾಂಬು ಹಾಕಿದವು. ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ಪೋರ್ಚುಗೀಸರು ರನ್‌ವೇಯನ್ನು ತರಾತುರಿಯಲ್ಲಿ ಸರಿಪಡಿಸಿ ಆ ರಾತ್ರಿ ಎರಡು ವಿಮಾನಗಳನ್ನು ಕರಾಚಿಗೆ ಪಾರುಮಾಡಿದರು. ಮರುದಿನ ಗೋವೆ ಬಿಡುಗಡೆಯಾಯಿತು. 1962ರಲ್ಲಿ ದಾಬೋಳಿ ಭಾರತೀಯ ನೌಕಾಪಡೆಯ ಕೈಗೆ ಬಂತು, 1966ರಿಂದ ಇಂಡಿಯನ್ ಏರ್‌ಲೈನ್ಸ್ ನಾಗರಿಕ ವಿಮಾನಗಳು ಓಡತೊಡಗಿದವು. ಕಾರವಾರಕ್ಕೆ ಕೈಗೆಟಕುವ ವಿಮಾನ ನಿಲ್ದಾಣ ಸಿಕ್ಕಿದ್ದು ಆಗಲೇ.

ಅಷ್ಟರಲ್ಲಿ ರಾಜಧಾನಿಯೇ ದಿಕ್ಕು ಬದಲಿಸಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಯ ದೃಷ್ಟಿಯಿಂದ ಅದು ನ್ಯಾಯ, ಬಹುಕಾಲದ ಏಕೀಕರಣದ ಹಂಬಲದ ಫಲ. ಸಾರಿಗೆ ಮಾತ್ರ ಹಳೆಯ ದಿಕ್ಕಿನಲ್ಲೇ ನಿಂತಿತ್ತು. ಅರ್ಜಿ ಹಿಡಿದು ರಾಜಧಾನಿಗೆ ಹೋಗುವವರು ಈಗ ಘಟ್ಟ ಹತ್ತಿ ಹುಬ್ಬಳ್ಳಿ ಸೇರಿ ಅಲ್ಲಿಂದ ಮುಂದೆ ಹೋಗಬೇಕಾಯಿತು. ನೇರ ಗೆರೆಯಲ್ಲಿ 425 ಇರುವ ದೂರ ರಸ್ತೆಯಲ್ಲಿ ಐನೂರು ಕಿಲೋಮೀಟರ್ ದಾಟುತ್ತದೆ.

ಹೊಳೆಗಳ ಮೇಲೆ ಒಂದೊಂದಾಗಿ ಸೇತುವೆ ಬಂದು ತಾರಿಯ ಕಾಯುವಿಕೆ ತಪ್ಪಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯ ಸೇತುವೆ 1980ರ ದಶಕದಲ್ಲಿ ತೆರೆದ ಮೇಲೆ ಗೋವೆಯ ದಾರಿ ನೇರವಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಕೊಂಕಣ ರೈಲು. ಇ. ಶ್ರೀಧರನ್ ನೇತೃತ್ವದಲ್ಲಿ 1990ರಲ್ಲಿ ಹುಟ್ಟಿದ ನಿಗಮ ರೋಹಾದಿಂದ ಮಂಗಳೂರು ಸಮೀಪದ ತೋಕೂರಿನವರೆಗೆ 740 ಕಿಲೋಮೀಟರ್ ಹಳಿ ಹಾಕಿತು. 1998ರ ಜನವರಿ 26ರಂದು ಇಡೀ ಮಾರ್ಗ ಬಳಕೆಗೆ ಬಂತು. ಬುಕಾನನ್ ಕಾಲದಿಂದ ದಾರಿಯನ್ನು ಸುತ್ತಿಸುತ್ತಿದ್ದ ಗುಡ್ಡಗಳನ್ನು ಕೊರೆದು ರೈಲು ಹಾದುಹೋಯಿತು. ಕಾರವಾರದ ಸುರಂಗವೊಂದೇ ಮೂರು ಕಿಲೋಮೀಟರಿಗೆ ಹತ್ತಿರ. ಮುಂಬಯಿ ಒಂದು ರಾತ್ರಿಯ ಪ್ರಯಾಣವಾಯಿತು. ಮುಂದೆ ಪಂಚಗಂಗಾ ಎಕ್ಸ್‌ಪ್ರೆಸ್ ಬೆಂಗಳೂರನ್ನೂ ಒಂದು ರಾತ್ರಿಯ ದೂರಕ್ಕೆ ತಂದಿತು. ಹುಬ್ಬಳ್ಳಿ–ಅಂಕೋಲೆ ಮಾರ್ಗ ಮಾತ್ರ 1990ರ ದಶಕದಲ್ಲಿ ಮಂಜೂರಾದರೂ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಲುಕಿ ದಶಕಗಳು ಕಳೆದವು. ಕಾಡು ಉಳಿಯಬೇಕೆಂಬ ವಾದಕ್ಕೂ ಬಂದರಿಗೆ ಹಿನ್ನಾಡು ಬೇಕೆಂಬ ವಾದಕ್ಕೂ ತೂಕವಿದೆ. ಒಂದನ್ನು ಹಗುರವಾಗಿ ತಳ್ಳಿ ಇನ್ನೊಂದನ್ನು ಎತ್ತಿಹಿಡಿಯುವುದು ಜಿಲ್ಲೆಗೆ ಮಾಡುವ ಅನ್ಯಾಯ.

ಇಂದು ಕಾರವಾರದಿಂದ ವಿಮಾನ ಹಿಡಿಯುವವರ ಮುಂದೆ ನಾಲ್ಕು ನಿಲ್ದಾಣಗಳಿವೆ. ದಾಬೋಳಿಗೆ ನೇರ ದೂರ 70 ಕಿಲೋಮೀಟರ್. ಉತ್ತರ ಗೋವೆಯ ಮೋಪಾದಲ್ಲಿ 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡು 2023ರ ಜನವರಿ 5ರಿಂದ ವಿಮಾನ ಸಂಚಾರ ಆರಂಭಿಸಿದ ಮನೋಹರ ನಿಲ್ದಾಣಕ್ಕೆ 105, ಹುಬ್ಬಳ್ಳಿಗೆ 120, ಮಂಗಳೂರಿಗೆ 220. ಅಂಕೋಲೆಯವರಿಗೆ ಅರಬೈಲು ಘಟ್ಟ ಹತ್ತಿದರೆ ಹುಬ್ಬಳ್ಳಿಯೂ ಅನುಕೂಲವೇ. ಈ ಅಂಕಿಗಳು ಪ್ರಯಾಣದ ಒಂದು ತುಂಡನ್ನು ಮಾತ್ರ ಹೇಳುತ್ತವೆ. ಹಾರಾಟದ ಹೊತ್ತು ಹೇಗೆ ಆಗುತ್ತದೆಂದು ನೋಡಿದರೆ ಉಳಿದದ್ದು ತಿಳಿಯುತ್ತದೆ.

ದಾಬೋಳಿಯಿಂದ ಮುಂಬಯಿಗೆ ನೇರ ದೂರ ಸುಮಾರು 425 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು ವೇಗವಿರುವ ಏರ್‌ಬಸ್ 320ಕ್ಕೆ ಬರಿಯ ಭಾಗಾಕಾರದಲ್ಲಿ ಅರ್ಧ ತಾಸಿನ ಕೆಲಸ. ವೇಳಾಪಟ್ಟಿಯಲ್ಲಿ ಇರುವುದು ಒಂದು ತಾಸು ಹತ್ತು ನಿಮಿಷಕ್ಕೂ ಮೇಲೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಲ್ಲುವ ಕ್ಷಣದವರೆಗಿನದು ಪೂರ್ತಿ ಲೆಕ್ಕಕ್ಕೆ ಸೇರುತ್ತದೆ. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ಎತ್ತರಕ್ಕೆ ಏರುವುದು, ಮತ್ತೆ ವೇಗ ತಗ್ಗಿಸಿ ಇಳಿಯುವುದು ಎಲ್ಲವೂ ಅದರೊಳಗೆ ಬಂತು. ಮುಂಬಯಿಯಂಥ ಜನನಿಬಿಡ ನಿಲ್ದಾಣದಲ್ಲಿ ಆಕಾಶದಲ್ಲೇ ಸುತ್ತು ಹಾಕಬೇಕಾದೀತು. ಹೀಗಾಗಿ ಚಿಕ್ಕ ದೂರದ ಹಾರಾಟದಲ್ಲಿ ವಿಮಾನ ತನ್ನ ಪೂರ್ಣ ವೇಗದಲ್ಲಿ ಸಾಗುವುದು ಸ್ವಲ್ಪವೇ ಹೊತ್ತು. ದೂರ ಹೆಚ್ಚಿದಂತೆ ಈ ನಷ್ಟ ಹಗುರವಾಗುತ್ತದೆ: ದಾಬೋಳಿ–ದೆಹಲಿ ದೂರ ಮೂರೂವರೆ ಪಟ್ಟು ಹೆಚ್ಚಿದ್ದರೂ ಹೊತ್ತು ಎರಡು ಪಟ್ಟಿಗೆ ತುಸು ಮೇಲೆ, ಎರಡೂವರೆ ತಾಸಿನ ಆಚೀಚೆ. ಗಾಳಿಯ ದಿಕ್ಕಿನ ಪಾಲೂ ಇದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯಿಂದಾಗಿ ಲಂಡನ್ನಿಗೆ ಹೋಗುವ ಹಾರಾಟಕ್ಕೆ ಅಲ್ಲಿಂದ ಬರುವ ಹಾರಾಟಕ್ಕಿಂತ ಹೆಚ್ಚು ಹೊತ್ತು ಬೇಕು.

ಈ ಒಂದೂಕಾಲು ತಾಸಿನ ಮುಂಬಯಿ ಹಾರಾಟಕ್ಕೆ ಕಾರವಾರದಿಂದ ದಾಬೋಳಿಯವರೆಗಿನ ಎರಡೂವರೆ ತಾಸಿನ ರಸ್ತೆ, ನಿಲ್ದಾಣದಲ್ಲಿ ಎರಡು ತಾಸು ಮುಂಚಿತವಾಗಿ ಇರಬೇಕಾದ ನಿಯಮ, ಮುಂಬಯಿಯ ರಸ್ತೆ ಸೇರಿಸಿದರೆ ಮನೆಯಿಂದ ಮನೆಗೆ ಏಳು ತಾಸು. ಅಂಕೋಲೆಯಿಂದಾದರೆ ಎಂಟು. ರಾತ್ರಿಯ ರೈಲಿಗೆ ಹೋಲಿಸಿದರೆ ಉಳಿತಾಯ ಮೂರು ನಾಲ್ಕು ತಾಸು ಮಾತ್ರ. ದೆಹಲಿಗೆ ಹೋಗುವವರಿಗೆ, ಪರದೇಶಕ್ಕೆ ಹೋಗುವವರಿಗೆ ವಿಮಾನ ನಿಜವಾದ ಲಾಭ.

ಅದೂ ರಸ್ತೆ ಸರಿಯಿದ್ದ ದಿನ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯ ಒಳಗೆ ಹರಡಿತು. ಹಲವರು ಜೀವ ಕಳೆದುಕೊಂಡರು, ಹೆದ್ದಾರಿ ಬಹಳ ದಿನ ಮುಚ್ಚಿತ್ತು. ಆ ದುಃಖ ಆರುವ ಮೊದಲೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಸುಮಾರು ಮೂರು ವಾರದಲ್ಲಿ ದಕ್ಷಿಣದ ದಾರಿಯೂ ಉತ್ತರದ ದಾರಿಯೂ ಕೆಟ್ಟವು. ಗುಡ್ಡವನ್ನು ಕಡಿದಾಗಿ ಕಡಿದು ಅಗಲ ಮಾಡಿದ ರಸ್ತೆಯಲ್ಲಿ ಉಳಿಸಿದ ನಿಮಿಷಗಳಿಗೆ ಯಾರು ಬೆಲೆ ಕೊಡಬೇಕಾಯಿತು ಎಂಬುದನ್ನು ಹೊತ್ತಿನ ಲೆಕ್ಕ ಹಾಕುವವರು ಬಿಡುವಂತಿಲ್ಲ.

ಕಾರವಾರ–ಅಂಕೋಲೆಯ ನೆಲದಲ್ಲೇ ವಿಮಾನ ಇಳಿಸುವ ಯೋಜನೆ ಬಂದದ್ದು ನೌಕಾನೆಲೆಯ ಮೂಲಕ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು, 2005ರ ಮೇ 31ರಂದು ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಹಿಂದೆ ಗುಂಡು ಹಾರಿಸಿದ್ದ ಅಂಜದೀವ್ ಈಗ ಅಲೆತಡೆ ಗೋಡೆಯಿಂದ ದಡಕ್ಕೆ ಜೋಡಿಸಿಕೊಂಡು ನೆಲೆಯ ಭಾಗವಾಗಿದೆ. ಕಾರವಾರ, ಅಂಕೋಲೆ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಈ ನೆಲೆಗಾಗಿ ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟವು. ಅವರ ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದವು. ನೆಲೆಯ ಎರಡನೆಯ ಹಂತದಲ್ಲಿ ನೌಕಾಪಡೆಯ ವಿಮಾನನೆಲೆಗೆ ಗುರುತಿಸಿದ್ದು ಅಂಕೋಲೆಯ ಅಲಗೇರಿಯನ್ನು. ಬೇಲೆಕೇರಿ ಕೊಲ್ಲಿಯ ಒಳಭಾಗದಲ್ಲಿ ಅಲಗೇರಿ, ಬೆಳಸೆ, ಭಾವಿಕೇರಿ ಗ್ರಾಮಗಳ ನೆಲ ಇದಕ್ಕೆ ಬೇಕಾಯಿತು. ದಾಬೋಳಿಯಲ್ಲಿರುವಂತೆಯೇ ಸೇನೆಯ ರನ್‌ವೇಯನ್ನು ನಾಗರಿಕ ವಿಮಾನಗಳೂ ಬಳಸುವ ಏರ್ಪಾಟು, ಏರ್‌ಬಸ್ 320 ಇಳಿಯುವಷ್ಟು ಉದ್ದದ ರನ್‌ವೇ, ಪಕ್ಕದಲ್ಲಿ ಪ್ರಯಾಣಿಕರ ಕಟ್ಟಡ ಎಂಬುದು ಅದರ ರೂಪುರೇಷೆ.

ಭೂಮಿ ಕೊಡಬೇಕಾದವರು ಸುಮ್ಮನಿರಲಿಲ್ಲ. ಕಡಲದಂಡೆಯ ಮೇಲೆ ಒಮ್ಮೆ ನಡೆದ ಒಕ್ಕಲೆಬ್ಬಿಸುವಿಕೆಯನ್ನು ಕಂಡ ತಾಲ್ಲೂಕು ಇದು. ಎಕರೆ ಲೆಕ್ಕದಲ್ಲಿ ನೆಲ ಉಳ್ಳವರು ಇಲ್ಲಿ ವಿರಳ. ಗುಂಟೆಗಳಲ್ಲಿ ಭತ್ತ, ತರಕಾರಿ, ಮಾವು ಬೆಳೆಯುವವರೇ ಹೆಚ್ಚು. ಅಂಕೋಲೆಯ ಕರಿ ಇಷಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ತೆಳುಸಿಪ್ಪೆಯ ಈ ಹಣ್ಣು ಬಹಳ ದಿನ ತಾಳದ ಕಾರಣ ದೂರದ ಪೇಟೆ ಕಾಣದೆ ಉಳಿದದ್ದು. ಹತ್ತಿರದಲ್ಲಿ ವಿಮಾನವಿದ್ದರೆ ಅದಕ್ಕೆ ದೂರದ ಗಿರಾಕಿ ಸಿಗಬಹುದು, ಹಣ್ಣಿನ ಮರ ನಿಂತ ನೆಲವೂ ಉಳಿದಿದ್ದರೆ. ಪುನರ್ವಸತಿ ಮೊದಲು, ಕಾಮಗಾರಿ ಆಮೇಲೆ ಎಂಬ ಅಲ್ಲಿನವರ ಬೇಡಿಕೆ ಸೀಬರ್ಡಿನ ಅನುಭವದಿಂದ ಬಂದದ್ದು, ಅದು ನ್ಯಾಯವಾದದ್ದು.

ವಿಮಾನ ಇಳಿಯುವ ಜಾಗವಿಲ್ಲದ ಕಾರವಾರದ ಕಡಲತೀರದಲ್ಲಿ ಈಗ ಒಂದು ದೊಡ್ಡ ವಿಮಾನ ನಿಂತಿದೆ. ಒಂದೇ ಹಾರಾಟದಲ್ಲಿ ಸಾವಿರಾರು ಕಿಲೋಮೀಟರ್ ಸಾಗಬಲ್ಲ, 2017ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್ 142. ತಮಿಳುನಾಡಿನ ಅರಕ್ಕೋಣಂನಿಂದ ಅದನ್ನು ಬಿಡಿಭಾಗಗಳಾಗಿ ಬಿಚ್ಚಿ ರಸ್ತೆಯ ಮೇಲೆ ತಂದು ಇಲ್ಲಿ ಜೋಡಿಸಲಾಯಿತು.

ಅಲಗೇರಿಯ ನಿಲ್ದಾಣ ಸಿದ್ಧವಾದರೆ ಹೊತ್ತಿನ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಬೆಂಗಳೂರಿನ ದೇವನಹಳ್ಳಿಗೆ ನೇರ ದೂರ 400 ಕಿಲೋಮೀಟರ್. ಗಂಟೆಗೆ 500 ಕಿಲೋಮೀಟರ್ ವೇಗದ ಎಟಿಆರ್ ವಿಮಾನಕ್ಕೆ ನಿಲ್ದಾಣದಿಂದ ನಿಲ್ದಾಣಕ್ಕೆ ಒಂದೂಕಾಲು ತಾಸಿನ ಆಸುಪಾಸು, ಏರ್‌ಬಸ್ಸಿಗೆ ಅದಕ್ಕಿಂತ ಹತ್ತು ನಿಮಿಷ ಕಡಿಮೆ. ಮುಂಬಯಿಗೆ ಇದಕ್ಕಿಂತ ಕಾಲು ತಾಸು ಹೆಚ್ಚು, ದೆಹಲಿಗೆ ಎರಡೂಮುಕ್ಕಾಲು ತಾಸಿನ ಹತ್ತಿರ. ಅಂಕೋಲೆ ಪೇಟೆಯಿಂದ ಅಲಗೇರಿ ಕೂಗಳತೆಯಲ್ಲಿದೆ, ಕಾರವಾರದಿಂದ ಒಂದು ತಾಸಿನೊಳಗೆ ತಲುಪಬಹುದು. ಹಾಗಾದರೆ ಬೆಂಗಳೂರಿಗೆ ಮನೆಯಿಂದ ಮನೆಗೆ ಐದು ತಾಸು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಟ್ಟ ಮೋಡ ಮತ್ತು ಪೂರ್ವಕ್ಕೆ ಗೋಡೆಯಂತೆ ಎದ್ದ ಘಟ್ಟದ ನಡುವೆ ವಿಮಾನ ಇಳಿಸಲು ಉಪಕರಣಗಳ ನೆರವು ಬೇಕೇ ಬೇಕು. ಅದಿಲ್ಲದಿದ್ದರೆ ಮಳೆಗಾಲದ ಹಲವು ದಿನ ಇಲ್ಲಿಗೆ ಬರುವ ವಿಮಾನ ಗೋವೆಗೋ ಮಂಗಳೂರಿಗೋ ತಿರುಗಬೇಕಾಗುತ್ತದೆ, ಪ್ರಯಾಣಿಕರು ಅಲ್ಲಿಂದ ಹೆದ್ದಾರಿ 66ರಲ್ಲಿ ಬರಬೇಕಾಗುತ್ತದೆ.